ಎರಡು ಮೀಟರ್ ಹಗ್ಗ ಮತ್ತು ಹಾವ್ರೆನ್ ಕಾಡು

ನಡು ವೇಲ್ಸ್‌ನ ಲಾನಿಡ್ಲೊಯ್ಸ್ ಎಂಬ ಪುಟ್ಟ ಪೇಟೆಯಿಂದ ಪಶ್ಚಿಮಕ್ಕೆ ಒಂದು ಕಿರುದಾರಿ ಏರುತ್ತದೆ. ಎದುರಿಗೆ ವಾಹನ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು, ಅಷ್ಟು ಇಕ್ಕಟ್ಟು. ಸುಮಾರು 11 ಕಿ.ಮೀ. ಹೋದರೆ ಹಾವ್ರೆನ್ ಕಾಡು, ಅದರೊಳಗೆ ರೀಡ್-ಅ-ಬೆನುಖ್ ಎನ್ನುವ ಕಾರು ನಿಲ್ಲಿಸುವ ಜಾಗ. ಇಂಗ್ಲಿಷರು ಸೆವರ್ನ್ ಅನ್ನುವ ನದಿಗೆ ವೇಲ್ಸ್ ಜನ ಇಟ್ಟ ಹೆಸರು ಹಾವ್ರೆನ್. ಬ್ರಿಟನ್ನಿನಲ್ಲೇ ಅತಿ ಉದ್ದದ ನದಿ ಇದು, 354 ಕಿ.ಮೀ. ಪಿಮ್‌ಲಿಮೊನ್ ಬೆಟ್ಟದ ನೆತ್ತಿಯ ಹತ್ತಿರ, 610 ಮೀಟರ್ ಎತ್ತರದ ಕಪ್ಪು ಜೌಗಿನಲ್ಲಿ ಹುಟ್ಟಿ ಈ ಕಾಡಿನೊಳಗೆ ಇಳಿಯುವಾಗ ಅದಿನ್ನೂ ಹಳ್ಳ. ನಾಯಿ ಕಾಲು ನೆನೆಸಿಕೊಂಡು ಆಚೆ ದಡ ಸೇರುವಷ್ಟೇ ನೀರು.

ನಾಯಿಯೊಡನೆ ಆರಾಮಾಗಿ ಒಂದೆರಡು ಗಂಟೆ ಅಡ್ಡಾಡಲು ಈ ಕಾಡು ಹೇಳಿ ಮಾಡಿಸಿದಂತಿದೆ. ನದಿಯ ಪಕ್ಕದಲ್ಲೇ ಮರದ ಹಲಗೆ ಹಾಸಿದ ದಾರಿಯ ಸುತ್ತೊಂದಿದೆ, ಒಂದು ಮೈಲಿಗೂ ಕಡಿಮೆ. ಮುದಿ ನಾಯಿಗೂ ಮಂಡಿ ನೋವಿನವರಿಗೂ ಅಷ್ಟೇ ಸಾಕು. ಇನ್ನೊಂದು ಹಾವ್ರೆನ್-ಟೊರಿ-ಗುದ್ವ್ ಕಡೆ ಇಳಿಯುತ್ತದೆ. ಹೆಸರಿನ ಅರ್ಥ 'ಹಾವ್ರೆನ್ ಕತ್ತು ಮುರಿದುಕೊಂಡ ಜಾಗ', ಅಂದರೆ ನದಿ ಇಕ್ಕಟ್ಟಿನಲ್ಲಿ ಧುಮುಕುವ ಜಲಪಾತ. ಅಲ್ಲಿ ಕಲ್ಲಿನ ಮೇಲೆ ಸದಾ ಪಾಚಿ, ಆದ್ದರಿಂದ ನಾಯಿಯನ್ನು ಮುಂದೆ ಬಿಟ್ಟು ತಾವು ಹಿಂದೆ ಎಳೆಸಿಕೊಂಡು ಹೋದರೆ ಹೆಸರು ಮನುಷ್ಯರಿಗೂ ಅನ್ವಯವಾದೀತು. ಮೂರನೆಯದು ನದಿಯ ಮೂಲಕ್ಕೆ ಹೋಗುವ ದಾರಿ. ಅದು ದಿನವಿಡೀ ಹಿಡಿಯುವ ಏರುದಾರಿ, ಈ ಬರಹದ ವಿಷಯ ಅಲ್ಲ.

ಮೊದಲು ಒಂದು ಮಾತು. ಇದನ್ನು ಕಾಡು ಅಂದರೂ ನಮ್ಮ ಕಡೆಯ ಲೆಕ್ಕದಲ್ಲಿ ಇದು ನೆಡುತೋಪು. ಮೊದಲನೇ ಮಹಾಯುದ್ಧದಲ್ಲಿ ಗಣಿಗಳಿಗೆ ಊರೆಗಂಬಕ್ಕೂ ಮರವಿಲ್ಲದಂತಾಗಿ ಒದ್ದಾಡಿದ ಬ್ರಿಟನ್ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಕಟ್ಟಿತು. ಕುರಿ ಮೇಯುತ್ತಿದ್ದ ಬೋಳು ಗುಡ್ಡಗಳ ಮೇಲೆ ಸಾಲುಸಾಲಾಗಿ ಸಸಿ ನೆಟ್ಟಿತು. ಹಾವ್ರೆನ್‌ನಲ್ಲಿ ಆ ಕೆಲಸ ಶುರುವಾದದ್ದು 1937ರಲ್ಲಿ. ಈಗ ಸುಮಾರು 40 ಚದರ ಕಿ.ಮೀ. ಹಬ್ಬಿದೆ. ಹೆಚ್ಚಿನದು ಸಿಟ್ಕಾ ಸ್ಪ್ರೂಸ್, ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಮರ. ಗುರುತು ಹಿಡಿಯುವುದು ಸುಲಭ: ರೆಂಬೆಯನ್ನು ಮುಷ್ಟಿಯಲ್ಲಿ ಹಿಡಿದರೆ ಚುಚ್ಚುತ್ತದೆ, ಎಲೆಸೂಜಿಯ ಅಡಿ ನೀಲಿ ಬಿಳುಪು. ಪಕ್ಕದಲ್ಲೇ ನಾರ್ವೆ ಸ್ಪ್ರೂಸ್ ಇದ್ದರೆ ಅದು ಇಷ್ಟು ಚುಚ್ಚುವುದಿಲ್ಲ. ನಡುನಡುವೆ ಲಾರ್ಚ್. ಸೂಜಿ ಎಲೆಯ ಮರವಾದರೂ ಚಳಿಗಾಲಕ್ಕೆ ಹೊಂಬಣ್ಣಕ್ಕೆ ತಿರುಗಿ ಎಲೆ ಉದುರಿಸುವ ವಿಚಿತ್ರ ಅದರದು.

ನೆಡುತೋಪು ಅನ್ನುವುದನ್ನು ಮರೆಯಬಾರದು, ಯಾಕೆಂದರೆ ಉಳಿದ ಎಚ್ಚರಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಸುತ್ತಲಿನ ಗುಡ್ಡ ಕುರಿ ಸಾಕುವವರ ಹೊಟ್ಟೆಪಾಡು, ಒಳಗಿನ ಮರ ಕಡಿಯುವವರ ಹೊಟ್ಟೆಪಾಡು. ವಾರಾಂತ್ಯಕ್ಕೆ ಬಂದವರಿಗೆ ಇದು ಪ್ರಕೃತಿ. ಅವರಿಗೆ ಇದು ಗದ್ದೆ ಇದ್ದ ಹಾಗೆ, ಫ್ಯಾಕ್ಟರಿ ಇದ್ದ ಹಾಗೆ. ಇನ್ನೊಬ್ಬರ ಗದ್ದೆ ಬದುವಿನ ಮೇಲೆ ನಾಯಿ ಕರೆದುಕೊಂಡು ಹೋಗುವಾಗ ಹೇಗಿರುತ್ತೇವೋ ಹಾಗಿದ್ದರೆ ಅರ್ಧ ನಿಯಮ ಕೇಳದೆಯೇ ಪಾಲಿಸಿದಂತೆ.

ಇನ್ನರ್ಧ ಕಾನೂನು. ವೇಲ್ಸ್‌ನ ಸರ್ಕಾರಿ ಕಾಡುಗಳಲ್ಲಿ ಹೆಚ್ಚಿನವಕ್ಕೆ 2000ನೇ ಇಸವಿಯ ಕಾಯ್ದೆಯಂತೆ ಕಾಲ್ನಡಿಗೆಯವರಿಗೆ ಮುಕ್ತ ಪ್ರವೇಶ ಇದೆ, ದಾರಿ ಬಿಟ್ಟೂ ನಡೆಯಬಹುದು. ನಾಯಿಯ ವಿಷಯದಲ್ಲಿ ಆ ಕಾಯ್ದೆ ಎರಡು ಮಾತು ಹೇಳುತ್ತದೆ. ಮುಕ್ತ ಪ್ರವೇಶದ ನೆಲದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ ಎರಡು ಮೀಟರಿಗಿಂತ ಉದ್ದವಿಲ್ಲದ, ಹಿಗ್ಗದ ಹಗ್ಗದಲ್ಲಿ ಇರಬೇಕು. ದನ ಕುರಿ ಹತ್ತಿರ ಇದ್ದರೆ ವರ್ಷವಿಡೀ ಇರಬೇಕು. ಆ ಐದು ತಿಂಗಳು ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಕಾಲ. ಕಡಿದು ಬಯಲಾದ ಜಾಗದಲ್ಲಿ, ಬೊಡ್ಡೆಗಳ ನಡುವೆ ನೈಟ್‌ಜಾರ್ ಬರಿ ನೆಲಕ್ಕೇ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ನತ್ತಿಂಗ ಅನ್ನುತ್ತೇವಲ್ಲ, ಅದರ ಬಳಗ. ನಾಯಿ ಅದನ್ನು ಕೊಲ್ಲಬೇಕೆಂದೇನೂ ಇಲ್ಲ, ಎಬ್ಬಿಸಿದರೆ ಸಾಕು. ತಾಯಿ ಎದ್ದು ಹೋದ ಹತ್ತು ನಿಮಿಷದಲ್ಲಿ ಆ ಊರಿನ ಚಳಿ ಮಳೆ ಮೊಟ್ಟೆಯನ್ನು ತಣಿಸಿಬಿಡಬಹುದು, ಕಾಗೆ ನೋಡಿದರೆ ಅಷ್ಟೂ ಹೊತ್ತು ಬೇಡ.

ಹಗ್ಗ ಎಂಥದು? ಅಲ್ಲಿಯವರು ಲೀಡ್ ಅನ್ನುತ್ತಾರೆ, ನಾವು ಲೀಶ್ ಅನ್ನುತ್ತೇವೆ. ಪೆಟ್ಟಿಗೆಯೊಳಗಿಂದ ದಾರ ಬಿಚ್ಚಿಕೊಳ್ಳುವ ಬಗೆಯದು ಊರೊಳಗಿನ ಪಾರ್ಕಿಗೆ ಸರಿ, ಇಲ್ಲಿ ಬೇಡ. ತೆಳು ದಾರ ಮರದ ಬುಡಕ್ಕೆ ಸುತ್ತಿಕೊಳ್ಳುತ್ತದೆ, ನಾಯಿ ತಟ್ಟನೆ ಓಡಿದರೆ ಮನುಷ್ಯನ ಮೀನಖಂಡಕ್ಕೆ ಗರಗಸದ ಹಾಗೆ ಉಜ್ಜುತ್ತದೆ, ಕೈ ಜಾರಿದರೆ ಪ್ಲಾಸ್ಟಿಕ್ ಹಿಡಿ ಕಲ್ಲಿನ ಮೇಲೆ ಕಟಕಟ ಸದ್ದು ಮಾಡುತ್ತ ನಾಯಿಯನ್ನು ಅಟ್ಟಿಸಿಕೊಂಡೇ ಹೋಗುತ್ತದೆ. ಎರಡು ಮೀಟರಿನ ಹತ್ತಿಯ ಅಥವಾ ಬಯೋಥೇನ್ (ಪ್ಲಾಸ್ಟಿಕ್ ಲೇಪದ ನೇಯ್ಗೆ) ಪಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಬಯೋಥೇನ್ ಕೆಸರು ಹೀರುವುದಿಲ್ಲ, ಒರೆಸಿದರೆ ಮುಗಿಯಿತು. ಹಗ್ಗ ಕುತ್ತಿಗೆಯ ಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್ಸಿಗೆ ಸಿಕ್ಕಿಸಬೇಕು. ಹಾರ್ನೆಸ್ ಒಳಗೆ ಎರಡು ಬೆರಳು ಸರಾಗ ಹೋಗುವಷ್ಟು ಸಡಿಲವಿರಲಿ. ಕಂಕುಳಲ್ಲಿ ಒದ್ದೆ ಪಟ್ಟಿ ಉಜ್ಜಿದರೆ ಎರಡು ಗಂಟೆಯೊಳಗೆ ಚರ್ಮ ಕೆಂಪಾಗುತ್ತದೆ.

ಹಿಡಿಯುವುದಕ್ಕೂ ಒಂದು ರೀತಿ ಇದೆ. ತುದಿಯ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಳ್ಳುವುದು ಎಲ್ಲರ ಅಭ್ಯಾಸ, ಅದೇ ತಪ್ಪು. ಇಳಿಜಾರಿನಲ್ಲಿ ಕಾಲು ಜಾರಿದಾಗ ನಾಯಿ ಮುಂದಕ್ಕೆ ಎಳೆದರೆ ಬೀಳುವುದನ್ನು ತಡೆಯಲು ಕೈ ಬಿಡುವಿರುವುದಿಲ್ಲ. ಕುಣಿಕೆಯನ್ನು ಹೆಬ್ಬೆರಳಿಗೆ ತೂಗಿಸಿ, ಉಳಿದ ಹಗ್ಗವನ್ನು ಎಸ್ ಆಕಾರದಲ್ಲಿ ಮಡಿಸಿ ಅಂಗೈಯಲ್ಲಿ ಹಿಡಿದರೆ ಬೇಕಾದಾಗ ಬಿಗಿ, ಬೇಡವಾದಾಗ ಒಂದೇ ಕ್ಷಣದಲ್ಲಿ ಬಿಡಬಹುದು. ಬಿಡುವುದು ಯಾವಾಗ ಬೇಕಾಗುತ್ತದೆ? ದನ ಅಟ್ಟಿಸಿಕೊಂಡು ಬಂದಾಗ. ಕರು ಇರುವ ಹಸುಗಳ ಮಂದೆಗೆ ಶತ್ರು ನಾಯಿಯೇ ಹೊರತು ಮನುಷ್ಯನಲ್ಲ. ಹಗ್ಗ ಬಿಟ್ಟರೆ ನಾಯಿ ಓಡಿ ಪಾರಾಗುತ್ತದೆ, ಹಿಡಿದುಕೊಂಡು ನಿಂತರೆ ಇಬ್ಬರೂ ಕಾಲ್ತುಳಿತಕ್ಕೆ ಸಿಗುತ್ತಾರೆ. ಸದಾ ಹಗ್ಗ ಹಿಡಿಯಿರಿ ಅನ್ನುವ ಸರ್ಕಾರಿ ಸೂಚನೆಯೇ ಈ ಒಂದು ಸಂದರ್ಭದಲ್ಲಿ ಬಿಡಿ ಅನ್ನುತ್ತದೆ.

ಗೇಟುಗಳ ಮೇಲೆ ಒಂದು ಫಲಕ ಆಗಾಗ ಕಾಣುತ್ತದೆ: 'ಕಡುಖ್ ಗೂನ್ ಆರ್ ಡೆನ್ನಿನ್'. ನಾಯಿಗಳನ್ನು ಹಗ್ಗದಲ್ಲಿಡಿ ಎಂದರ್ಥ. ವೆಲ್ಷ್ ನಿಘಂಟಿನಲ್ಲಿ 'ಗೂನ್' ಹುಡುಕಿದರೆ ಈ ಅರ್ಥ ಸಿಗುವುದಿಲ್ಲ, 'ಡೆನ್ನಿನ್' ಕೂಡ ಇಲ್ಲ. ಮೂಲ ಪದಗಳು 'ಕೂನ್' ಮತ್ತು 'ಟೆನ್ನಿನ್'. ವಾಕ್ಯದೊಳಗೆ ಬಂದಾಗ ಮೊದಲ ಅಕ್ಷರ ಮೆದುವಾಗುತ್ತದೆ: ಕಕಾರ ಗಕಾರ, ಟಕಾರ ಡಕಾರ, ಪಕಾರ ಬಕಾರ. ಆರನೇ ಕ್ಲಾಸಿನ ಆದೇಶ ಸಂಧಿ ನೆನಪಿದೆಯೇ? ಮಳೆಗಾಲ, ಬೆಟ್ಟದಾವರೆ, ಕಂಬನಿ. ಕ ತ ಪಗಳಿಗೆ ಗ ದ ಬಗಳು. ಎರಡು ಭಾಷೆಗೂ ನಂಟೇನೂ ಇಲ್ಲ, ನಿಯಮದ ಕಾರಣಗಳೂ ಬೇರೆ. ಆದರೂ ಈ ಒಂದು ಸಾಲು ಕನ್ನಡದ ಕಿವಿಗೆ ಪರಕೀಯ ಅನ್ನಿಸುವುದಿಲ್ಲ. ಉಪಯೋಗವೂ ಇದೆ. ನಕ್ಷೆಯಲ್ಲಿ 'ಬಾಂಟ್' ಅಂತಿದ್ದರೆ ಅದು ಪಾಂಟ್, ಸೇತುವೆ. 'ಗೋಯ್ಡ್' ಅಂದರೆ ಕೋಯ್ಡ್, ಮರಗಳು. 'ರೀಡ್' ಅಂದರೆ ಹೊಳೆ ದಾಟುವ ಜಾಗ, ಅಲ್ಲಿ ಕಾಲು ಒದ್ದೆಯಾಗುವುದು ಖಚಿತ.

ಇನ್ನು ಕುರಿ. ಕಾಡಿನೊಳಗೆ ಕುರಿ ಇರುವುದಿಲ್ಲ ಎಂದುಕೊಳ್ಳಬೇಡಿ. ಬಿದ್ದ ಮರ ಬೇಲಿ ಮುರಿದಿರುತ್ತದೆ, ಹಸಿರು ಹುಲ್ಲಿನ ಆಸೆಗೆ ಮೂರ್ನಾಲ್ಕು ಒಳಗೆ ನುಗ್ಗಿರುತ್ತವೆ. ತಿರುವಿನಲ್ಲಿ ತಟ್ಟನೆ ಎದುರಾಗುತ್ತವೆ. ಮನೆಯಲ್ಲಿ ಬೆಕ್ಕಿನ ಜೊತೆ ಮಲಗುವ ನಾಯಿಯೂ ಓಡುವ ಕುರಿಯ ಹಿಂದೆ ಓಡುತ್ತದೆ. ಅದು ಕೆಟ್ಟತನವಲ್ಲ, ಸಾವಿರಾರು ವರ್ಷಗಳ ಚಾಳಿ. 'ನಮ್ಮ ನಾಯಿ ಹಾಗೆಲ್ಲ ಮಾಡಲ್ಲ' ಅನ್ನುವ ಮಾತಿಗೆ ಕುರಿಗಾರರ ಮುಂದೆ ಮೂರು ಕಾಸಿನ ಬೆಲೆಯಿಲ್ಲ.

ಓಡುವ ಮುಂಚೆ ನಾಯಿ ಹೇಳಿಯೇ ಹೇಳುತ್ತದೆ, ಎರಡು ಸೆಕೆಂಡು ಮುಂಚೆ. ನಡೆಯುವಾಗ ತೆರೆದಿದ್ದ ಬಾಯಿ ಮುಚ್ಚುತ್ತದೆ. ಇದೇ ಮೊದಲ ಗುರುತು, ಹೆಚ್ಚಿನವರು ಗಮನಿಸದ ಗುರುತು. ಆಮೇಲೆ ಕಿವಿಯ ಬುಡ ಮುಂದಕ್ಕೆ ಬರುತ್ತದೆ, ಅಲ್ಲಾಡುತ್ತಿದ್ದ ಬಾಲ ನಿಲ್ಲುತ್ತದೆ, ಮೈಯ ಭಾರ ಮುಂಗಾಲಿಗೆ ಬರುತ್ತದೆ, ಒಂದು ಕಾಲು ಗಾಳಿಯಲ್ಲಿ ನಿಂತರೂ ನಿಂತೀತು. ಈ ಹೊತ್ತಿಗೆ ಹೆಸರು ಕೂಗುವುದು ದಂಡ, ಕಿವಿಗೆ ಬೀಳುವುದಿಲ್ಲ. ಹಗ್ಗ ಎಳೆದರೆ ಅದೂ ಎದುರು ಎಳೆಯುತ್ತದೆ. ಮಾಡಬೇಕಾದದ್ದು ಬಾಯಿ ಮುಚ್ಚಿದ ಕ್ಷಣದಲ್ಲೇ: ಹಗ್ಗ ಮೊಟಕು ಮಾಡಿ, ಕುರಿಗೂ ನಾಯಿಗೂ ನಡುವೆ ನಿಮ್ಮ ಮೈ ತಂದು, ಬಂದ ದಿಕ್ಕಿಗೆ ತಿರುಗಿ ಹತ್ತು ಹೆಜ್ಜೆ ನಡೆಯಿರಿ. ನಾಲ್ಕೈದು ತಿನಿಸಿನ ಚೂರುಗಳನ್ನು ಹುಲ್ಲಿನೊಳಗೆ ಚೆಲ್ಲಿ ಹುಡುಕಲು ಬಿಡಿ. ಮೂಗು ನೆಲಕ್ಕೆ ಇಳಿದರೆ ಕಣ್ಣು ಕುರಿಯ ಮೇಲಿಂದ ಕೀಳುತ್ತದೆ. ಮನೆಯ ಹಿತ್ತಲಿನಲ್ಲಿ ಒಂದು ವಾರ ಇದನ್ನು ಆಟದ ಹಾಗೆ ಆಡಿಸಿ ಬಂದಿದ್ದರೆ ಮಾತ್ರ ಕಾಡಿನಲ್ಲಿ ಫಲಿಸುತ್ತದೆ.

ಕಚ್ಚದಿದ್ದರೇನಾಯಿತು ಅನ್ನುವವರಿದ್ದಾರೆ. ಗಬ್ಬದ ಕುರಿ ಬೆದರಿ ಓಡಿದರೆ ಮರಿ ಒಳಗೇ ಸಾಯಬಹುದು. ಬೇಲಿಗೆ ಒತ್ತಿಕೊಂಡು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸತ್ತ ಮಂದೆಗಳುಂಟು. 1953ರ ಕಾಯ್ದೆಯ ಪ್ರಕಾರ ಅಟ್ಟಿಸಿಕೊಂಡು ಹೋಗುವುದೇ ಅಪರಾಧ. ಕುರಿ ಇರುವ ಹೊಲದಲ್ಲಿ ನಾಯಿಯನ್ನು ಹತೋಟಿಯಿಲ್ಲದೆ ಬಿಡುವುದೂ ಅಪರಾಧ. ಮಂದೆಯನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದಾಗ ರೈತ ನಾಯಿಗೆ ಗುಂಡು ಹಾರಿಸಿದರೆ, 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿದ್ದರೆ, 1971ರ ಕಾಯ್ದೆ ಅವನ ಬೆನ್ನಿಗೆ ನಿಲ್ಲುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬೆಂಗಳೂರಿನಿಂದ ಹೋಗಿ ಕಾರ್ಡಿಫ್‌ನಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ನೆಲೆಸಿ, ಆಸೆಪಟ್ಟು ನಾಯಿ ಸಾಕಿದವರಿಗೆ ಇದು ಮೊದಲೇ ಗೊತ್ತಿರುವುದು ಒಳ್ಳೆಯದು. ಎಂಟು ವಾರ ದಾಟಿದ ನಾಯಿಗೆ ಮೈಕ್ರೋಚಿಪ್ 2016ರ ಏಪ್ರಿಲ್‌ನಿಂದ ಕಡ್ಡಾಯ. ಚಿಪ್ ಇದ್ದರೂ ಕುತ್ತಿಗೆಯಲ್ಲಿ ಒಡೆಯರ ಹೆಸರು, ವಿಳಾಸ ಬರೆದ ಬಿಲ್ಲೆ ಬೇರೆ ಇರಬೇಕು. ಕಾನೂನು ಫೋನ್ ನಂಬರ್ ಕೇಳುವುದಿಲ್ಲ, ಆದರೆ ಕಳೆದುಹೋದ ನಾಯಿಯನ್ನು ಮನೆಗೆ ತರುವುದು ಅದೇ.

ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ತೆರೆದ ಗೇಟು ಯಾರದೋ ಮರೆವಲ್ಲ, ಕುರಿ ನೀರಿಗೆ ಹೋಗಲು ಬಿಟ್ಟ ದಾರಿ ಇರಬಹುದು. ಮಲೆನಾಡಿನವರಿಗೆ ತಡಮೆ ಗೊತ್ತು. ಇಲ್ಲೂ ಬೇಲಿ ದಾಟಲು ಹಲಗೆಯ ತಡಮೆಗಳಿವೆ. ಕೆಲವಕ್ಕೆ ಪಕ್ಕದಲ್ಲಿ ಮೇಲಕ್ಕೆತ್ತುವ ನಾಯಿ-ಹಲಗೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಇಪ್ಪತ್ತೈದು ಕಿಲೋ ನಾಯಿಯನ್ನು ಎತ್ತಿ ದಾಟಿಸಲು ಆಗುತ್ತದೆಯೇ ಎಂದು ಹೊರಡುವ ಮುಂಚೆ ಯೋಚಿಸಿ. ನೆಗೆಯಲು ಬಿಟ್ಟರೆ ಮೇಲಿನ ಮುಳ್ಳುತಂತಿಗೆ ಹೊಟ್ಟೆ ತಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಡಿಗೆ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಲು ಬೆಟ್ಟ ಹತ್ತುವವರ ಹಳೆಯ ಸೂತ್ರ ಒಂದಿದೆ, ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವ 1892ರಲ್ಲಿ ಕೊಟ್ಟದ್ದು: ಐದು ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು. ನಾಯಿ ಇದ್ದರೆ ಇದನ್ನು ಮರೆತುಬಿಡಿ. ಮೂಸಲು ಬಿಟ್ಟು ನಡೆದರೆ ಗಂಟೆಗೆ ಎರಡೂವರೆ ಕಿ.ಮೀ. ಸಾಗಿದರೆ ಹೆಚ್ಚು. ಐದು ಕಿ.ಮೀ. ಸುತ್ತಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಎಳೆದುಕೊಂಡು ಬೇಗ ಮುಗಿಸಬಹುದು, ಆದರೆ ಕಾಲು ದಣಿದರೂ ನಾಯಿಗೆ ತೃಪ್ತಿಯಿರುವುದಿಲ್ಲ. ಕಣ್ಣು ಕಟ್ಟಿ ಜಾತ್ರೆ ಸುತ್ತಿಸಿದಂತೆ.

ನಾಯಿ ಎಲ್ಲಿ ಮೂಸುತ್ತದೆ ಎಂದು ನೋಡುತ್ತ ಹೋದರೆ ಕಾಡಿನ ರಚನೆಯೇ ತಿಳಿಯುತ್ತದೆ. ದಟ್ಟ ಸ್ಪ್ರೂಸ್ ಒಳಗೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿ ಬೆಳಕಿಲ್ಲ, ಹುಲ್ಲಿಲ್ಲ, ಬರಿ ಸೂಜಿ ಎಲೆಯ ಹಾಸು. ಹುಲ್ಲಿಲ್ಲದ ಕಡೆ ಇಲಿಯಿಲ್ಲ, ಇಲಿಯಿಲ್ಲದ ಕಡೆ ನರಿಯಿಲ್ಲ. ಜಲ್ಲಿ ರಸ್ತೆಯ ಅಂಚಿನ ಒಂದೂವರೆ ಮೀಟರ್ ಪಟ್ಟಿಯಲ್ಲಿ ಮಾತ್ರ ಬಿಸಿಲು ಬೀಳುತ್ತದೆ. ಅಲ್ಲಿ ಹುಲ್ಲು, ಹೆದರ್, ಬಿಲ್‌ಬೆರಿ ಪೊದೆ, ಜರಿಗಿಡ. ಕಾಡಿನ ಸುದ್ದಿಯೆಲ್ಲ ಆ ಅಂಚಿನಲ್ಲೇ ಬರೆದಿರುತ್ತದೆ, ನಾಯಿ ಅದನ್ನೇ ಸಾಲು ಬಿಡದೆ ಓದುತ್ತದೆ. ಎರಡು ಮೀಟರ್ ಹಗ್ಗ ಆ ಓದಿಗೆ ಅಡ್ಡಿಯಲ್ಲ. ಮನುಷ್ಯ ಜಲ್ಲಿಯ ಅಂಚಿನಲ್ಲಿ ನಡೆದರೆ ಪಟ್ಟಿಯಷ್ಟೂ ಅದರ ಮೂಗಿಗೆ ಸಿಗುತ್ತದೆ. ಹಗ್ಗದ ಉದ್ದ ಸಾಲದು ಅನ್ನಿಸುವುದು ಮನುಷ್ಯ ರಸ್ತೆಯ ನಡುವೆ ನಡೆದಾಗ.

ನದಿಯ ಪಕ್ಕದಲ್ಲಿ ನೀರಿಗೆ ಅಡ್ಡವಾಗಿ ಕಟ್ಟಿದ ಕಾಂಕ್ರೀಟ್ ಕಾಲುವೆಯಂಥದು ಕಂಡರೆ ಅದು ಹರಿವು ಅಳೆಯುವ ಏರ್ಪಾಡು. 1960ರ ದಶಕದ ಕೊನೆಯಿಂದ ಇಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. ಒಂದೇ ಬೆಟ್ಟದಲ್ಲಿ ಅಕ್ಕಪಕ್ಕ ಹುಟ್ಟುವ ಎರಡು ನದಿಗಳು: ಹಾವ್ರೆನ್ ಹರಿಯುವುದು ನೆಡುತೋಪಿನಲ್ಲಿ, ಗೂಯ್ (ವೈ ನದಿ) ಹರಿಯುವುದು ಕುರಿ ಮೇಯುವ ಹುಲ್ಲಿನಲ್ಲಿ. ಮಳೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಮರವಿರುವ ಕಡೆ ನದಿಗೆ ಸೇರುವ ನೀರು ಕಡಿಮೆ ಎಂದು ಗೊತ್ತಾಯಿತು. ಕಾರಣ ಬೇರು ಕುಡಿಯುವುದಷ್ಟೇ ಅಲ್ಲ. ಸೂಜಿ ಎಲೆಗಳ ಮೇಲೆ ನಿಂತ ಮಳೆ ನೆಲ ಮುಟ್ಟುವ ಮುಂಚೆಯೇ ಗಾಳಿಗೆ ಆರಿಹೋಗುತ್ತದೆ. ನಡೆಯುವವರಿಗೆ ಇದರ ತಾತ್ಪರ್ಯ ಸರಳ. ಜಿನುಗು ಮಳೆ ಶುರುವಾದಾಗ ಸ್ಪ್ರೂಸ್ ಅಡಿ ಇಪ್ಪತ್ತು ನಿಮಿಷ ಒಣಗಿರುತ್ತದೆ. ಮಳೆ ನಿಂತ ಮೇಲೆ ಅರ್ಧ ಗಂಟೆ ಅದರಡಿಯಲ್ಲೇ ಮಳೆ.

ಮಳೆ ಎಷ್ಟು ಎಂದರೆ ಈ ಬೆಟ್ಟದ ತಲೆಗೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಆಗುಂಬೆಯ ಮುಂದೆ ಏನೂ ಅಲ್ಲ. ಆದರೆ ಆಗುಂಬೆಯದು ನಾಲ್ಕು ತಿಂಗಳ ಅಬ್ಬರ, ಇಲ್ಲಿಯದು ಹನ್ನೆರಡು ತಿಂಗಳ ಗೊಣಗು. ನಾಯಿಗೆ ಮಳೆಗಿಂತ ಮಳೆಯ ಮೇಲಿನ ಗಾಳಿ ಕೆಡುಕು. ಗಿಡ್ಡ ಕೂದಲಿನ, ಸಣಕಲು ನಾಯಿ ಒದ್ದೆಯಾಗಿ ಬಯಲಿಗೆ ಬಂದರೆ ಹತ್ತೇ ನಿಮಿಷದಲ್ಲಿ ನಡುಗುತ್ತದೆ. ಬೆನ್ನು ಮತ್ತು ಹೊಟ್ಟೆ ಎರಡನ್ನೂ ಮುಚ್ಚುವ ಜಲನಿರೋಧಕ ಕೋಟು ಬೇಕು, ಬರೀ ಬೆನ್ನಿನದು ಅರ್ಧ ಕೆಲಸ. ಕಾರಿನಲ್ಲಿ ಎರಡು ಟವೆಲ್: ಒಂದು ಕೆಸರಿಗೆ, ಇನ್ನೊಂದು ನೀರಿಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯೊಳಗೆ ಮೂರಕ್ಕೇ ಮಬ್ಬು. ಮಧ್ಯಾಹ್ನದ ಊಟ ಮುಗಿಸಿ ಹೊರಡುವ ನಮ್ಮ ಭಾನುವಾರದ ಅಭ್ಯಾಸ ಅಲ್ಲಿ ನಡೆಯದು. ಫೋನ್ ಸಿಗ್ನಲ್ ನಂಬುವಂಥದಲ್ಲ. ಕಾಗದದ ನಕ್ಷೆ, 1:25,000 ಅಳತೆಯದು, ಜೇಬಿನಲ್ಲಿರಲಿ. ಮನೆಯಲ್ಲಿರುವಾಗಲೇ 999ಕ್ಕೆ 'ರಿಜಿಸ್ಟರ್' ಎಂಬ ಇಂಗ್ಲಿಷ್ ಪದ ಎಸ್‌ಎಂಎಸ್ ಮಾಡಿ ನೋಂದಾಯಿಸಿಕೊಂಡರೆ, ಮಾತಾಡುವಷ್ಟು ಸಿಗ್ನಲ್ ಇಲ್ಲದ ಕಡೆಯೂ ತುರ್ತು ಸಂದೇಶ ಹೋಗುವ ಸಾಧ್ಯತೆ ಇರುತ್ತದೆ.

ನದಿಗೆ ಇಳಿಯಲು ನಾಯಿಯನ್ನು ಬಿಡಬಹುದು, ಒಂದು ಷರತ್ತಿನ ಮೇಲೆ. ಚಿಗಟ, ಉಣುಗಿಗೆಂದು ಬೆನ್ನಿನ ಮೇಲೆ ಹನಿಸುವ ಔಷಧಿಗಳಲ್ಲಿ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ಇರುತ್ತವೆ. ಹೊಲಗಳಲ್ಲಿ ನಿಷೇಧವಾದ ಮೇಲೂ ಬ್ರಿಟನ್ನಿನ ನದಿಗಳಲ್ಲಿ ಈ ವಿಷಗಳು ಸಿಗುತ್ತಿವೆ, ನೀರಿನ ಹುಳಗಳನ್ನು ಕೊಲ್ಲುತ್ತವೆ. ನದಿಯ ಹುಟ್ಟಿನಲ್ಲೇ ಆ ನಾಯಿಯನ್ನು ಮುಳುಗಿಸುವುದು ಯಾವ ನ್ಯಾಯ? ನಡಿಗೆಯ ಯೋಜನೆ ಇದ್ದರೆ ಮಾತ್ರೆಯ ರೂಪದ ಔಷಧಿ ಬಗ್ಗೆ ವೆಟ್ (ಪಶುವೈದ್ಯರು) ಹತ್ತಿರ ಕೇಳಿ. ಬೇಸಿಗೆಯಲ್ಲಿ ನಿಂತ ಕೆರೆನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಇದ್ದರೆ ಹತ್ತಿರಕ್ಕೂ ಬಿಡಬೇಡಿ. ಅದು ನೀಲಿ-ಹಸಿರು ಪಾಚಿ. ಕುಡಿದರಂತೂ ಹೇಳುವುದೇ ಬೇಡ, ಮೈಗೆ ಅಂಟಿದ್ದನ್ನು ನೆಕ್ಕಿದರೂ ಗಂಟೆಗಳಲ್ಲಿ ಸಾಯಬಹುದು.

ಕಡಿದ ದಿಮ್ಮಿಗಳನ್ನು ರಸ್ತೆ ಬದಿ ಒಟ್ಟಿರುತ್ತಾರೆ. ಚಿತ್ರ ತೆಗೆಯಲು ನಾಯಿಯನ್ನು ಅದರ ಮೇಲೆ ಹತ್ತಿಸುವ ಚಪಲ ಎಲ್ಲರಿಗೂ. ಒಂದಕ್ಕೊಂದು ಕಟ್ಟಿರುವುದಿಲ್ಲ, ಒದ್ದೆ ತೊಗಟೆ ಸೋಪಿನ ಹಾಗೆ. ಒಂದು ಉರುಳಿದರೆ ಎಲ್ಲವೂ ಉರುಳುತ್ತವೆ. ಬಿರುಗಾಳಿಯ ಮರುದಿನ ಕಾಡಿಗೆ ಹೋಗಲೇಬೇಡಿ. ಜೌಗು ನೆಲದಲ್ಲಿ ಸ್ಪ್ರೂಸ್ ಬೇರು ಆಳಕ್ಕೆ ಇಳಿಯುವುದಿಲ್ಲ, ತಟ್ಟೆಯ ಹಾಗೆ ಹರಡುತ್ತದೆ. ಅರ್ಧ ವಾಲಿದ ಮರ ಪಕ್ಕದ ಮರಕ್ಕೆ ಒರಗಿ ವಾರಗಟ್ಟಲೆ ಕಾಯುತ್ತದೆ. 2024ರ ಡಿಸೆಂಬರಿನ ಡಾರಾ ಬಿರುಗಾಳಿ ವೇಲ್ಸ್‌ನ ಕಾಡುಗಳಲ್ಲಿ ಹಾಗೆ ಬೀಳಿಸಿದ್ದು ಬಹಳ. ದಾರಿ ಮುಚ್ಚಿದೆ ಎಂಬ ಫಲಕವನ್ನು ಭಾನುವಾರ ಯಂತ್ರದ ಸದ್ದಿಲ್ಲ ಎಂದು ದಾಟುವವರಿದ್ದಾರೆ. ಫಲಕ ಯಂತ್ರಕ್ಕಷ್ಟೇ ಅಲ್ಲ, ಒರಗಿ ನಿಂತ ಮರಕ್ಕೂ ಹಾಕಿದ್ದು. ಲಾರ್ಚ್ ಮರಗಳಿಗೆ ಫೈಟಾಫ್ತೊರಾ ಎಂಬ ರೋಗ ವೇಲ್ಸ್‌ನಲ್ಲಿ 2010ರಿಂದ ತಗುಲಿದೆ, ಅದರ ಬೀಜಾಣು ಕೆಸರಿನಲ್ಲಿ ಪ್ರಯಾಣ ಮಾಡುತ್ತದೆ. ಬೂಟಿನ ಅಡಿ, ನಾಯಿಯ ಪಂಜ ಎರಡನ್ನೂ ಕಾರು ಹತ್ತುವ ಮುಂಚೆ ತೊಳೆಯಲು ಐದು ಲೀಟರಿನ ಕ್ಯಾನು ನೀರು ತಂದಿರಿ.

ತಿನ್ನಲು ಏನು ಕಟ್ಟಿಕೊಳ್ಳುತ್ತೀರಿ ಎನ್ನುವುದೂ ನಾಯಿಯ ವಿಷಯವೇ. ಅವಲಕ್ಕಿ ಚೂಡದಲ್ಲಿ ಒಣದ್ರಾಕ್ಷಿ ಇದ್ದರೆ ಬಿಟ್ಟು ಬನ್ನಿ, ಸ್ವಲ್ಪವೇ ತಿಂದರೂ ಕೆಲವು ನಾಯಿಗಳ ಮೂತ್ರಪಿಂಡ ಕೈಕೊಡುತ್ತದೆ. ಈರುಳ್ಳಿ ಹಾಕಿದ ಪಲಾವ್, ಚಾಕೊಲೇಟ್, ಸಕ್ಕರೆರಹಿತ ಚೂಯಿಂಗ್ ಗಮ್ ಇವೂ ಅಷ್ಟೇ. ಮೊಸರನ್ನ ತೊಂದರೆಯಿಲ್ಲ, ಒಗ್ಗರಣೆಯ ಮೆಣಸಿನಕಾಯಿ ತೆಗೆದಿರಿ. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿ.ಲೀ. ನೀರು ಬೇಕು. ಇಪ್ಪತ್ತು ಕಿಲೋ ನಾಯಿಯ ಎರಡು ಗಂಟೆಯ ನಡಿಗೆಗೆ ಅರ್ಧ ಲೀಟರ್ ಹೊತ್ತರೆ ಸಾಕು. ಸುತ್ತ ಹಳ್ಳಗಳಿದ್ದರೂ ಹೊರಬೇಕು, ಮೇಲೆಲ್ಲೋ ಸತ್ತ ಕುರಿ ಬಿದ್ದಿದೆಯೇ ಎಂದು ಇಲ್ಲಿಂದ ಕಾಣುವುದಿಲ್ಲ.

ಹೇಸಿಗೆಯನ್ನು ಚೀಲದಲ್ಲಿ ಕಟ್ಟಿ ಮನೆಗೆ ಒಯ್ಯಬೇಕು. ಚೀಲವನ್ನು ಕೊಂಬೆಗೆ ತೂಗುಹಾಕಿ 'ಬರುವಾಗ ತೆಗೆದುಕೊಂಡರಾಯಿತು' ಅನ್ನುವವರು ಬರುವುದು ಬೇರೆ ದಾರಿಯಲ್ಲಿ. ನಾಯಿಯ ಹೇಸಿಗೆಯಿಂದ ಹರಡುವ ನಿಯೊಸ್ಪೊರಾ ಎಂಬ ಪರಾವಲಂಬಿ ಹಸುಗಳಿಗೆ ಗರ್ಭಪಾತ ಮಾಡಿಸುತ್ತದೆ.

ವಿಷದ ಹಾವು ಒಂದೇ, ಆಡರ್. ನಮ್ಮ ಮಂಡಲದ ಹಾವಿನ ದೂರದ ಬಂಧು, ಬೆನ್ನ ಮೇಲೆ ಅಂಕುಡೊಂಕು ಪಟ್ಟೆ. ವಸಂತದ ಮೊದಲ ಬಿಸಿಲಿಗೆ ದಾರಿಯಂಚಿನಲ್ಲಿ ಮೈ ಕಾಯಿಸುತ್ತ ಮಲಗಿರುತ್ತದೆ. ಮೂಸಲು ಹೋದ ನಾಯಿಗೆ ಮೂತಿಗೋ ಮುಂಗಾಲಿಗೋ ಕಚ್ಚುತ್ತದೆ. ಪಟ್ಟಿ ಕಟ್ಟುವುದು, ಹೀರುವುದು, ಕೊಯ್ಯುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಕಾರಿಗೆ ಬಂದು, ಸಿಗ್ನಲ್ ಸಿಕ್ಕ ಕೂಡಲೆ ವೆಟ್‌ಗೆ ಫೋನು. ಅದಕ್ಕೇ ಹೊರಡುವ ಮುಂಚೆ ಹತ್ತಿರದ ಪೇಟೆಯ ಪಶುಚಿಕಿತ್ಸಾಲಯದ ನಂಬರು ಬರೆದಿಟ್ಟುಕೊಂಡಿರಬೇಕು.

ಹಾವಿಗಿಂತ ನೂರು ಪಾಲು ಹೆಚ್ಚು ಎದುರಾಗುವುದು ಉಣುಗು. ಉಣ್ಣೆ ಅಂತಲೂ ಅನ್ನುತ್ತೇವೆ. ಕುರಿಯ ಮೈಮೇಲಿನದಕ್ಕೂ ಕುರಿಯ ಮೈಗೆ ಕಚ್ಚುವುದಕ್ಕೂ ಕನ್ನಡದಲ್ಲಿ ಒಂದೇ ಹೆಸರು, ವೇಲ್ಸ್‌ನಲ್ಲಿ ಎರಡಕ್ಕೂ ಬರವಿಲ್ಲ. ಮಂಗನ ಕಾಯಿಲೆ ಕಂಡ ಶಿವಮೊಗ್ಗ ಸೀಮೆಯವರಿಗೆ ಕಾಡಿನಿಂದ ಬಂದ ಮೇಲೆ ಮೈ ತಡಕಿಕೊಳ್ಳುವುದನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಉಣುಗು ಹೊತ್ತು ತರುವುದು ಬೇರೆ ರೋಗ, ಲೈಮ್. ಜರಿಗಿಡದ, ಉದ್ದ ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತಿರುತ್ತದೆ, ಯಾರಾದರೂ ತಾಗಿದರೆ ಹತ್ತಿಕೊಳ್ಳುತ್ತದೆ. ಮರಿಯ ಗಾತ್ರ ಗಸಗಸೆಯಷ್ಟು.

ಕಾರಿನ ಹತ್ತಿರವೇ ಮೊದಲ ಹುಡುಕಾಟ. ಕೂದಲಿನ ಎದುರು ದಿಕ್ಕಿಗೆ ಬೆರಳ ತುದಿ ಆಡಿಸಿ: ಕಿವಿಯ ಒಳಗೂ ಹಿಂದೂ, ಕಣ್ಣಿನ ರೆಪ್ಪೆ, ತುಟಿಯಂಚು, ಹಾರ್ನೆಸ್ ಕೆಳಗಿನ ಕಂಕುಳು, ತೊಡೆ ಸಂದು, ಬೆರಳುಗಳ ನಡುವೆ. ಕಾಳಿನಂಥದು ಸಿಕ್ಕರೆ ಕೂದಲು ಬಿಡಿಸಿ ನೋಡಿ. ಬುಡದಲ್ಲಿ ಕಾಲು ಕಂಡರೆ ಉಣುಗು, ಇಲ್ಲವಾದರೆ ಮೊಲೆತೊಟ್ಟೋ ನರುಲಿಯೋ ಇದ್ದೀತು, ಕೀಳಬೇಡಿ. ತೆಗೆಯಲು ಸೀಳು ಇರುವ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತದೆ, ಒಂದೆರಡು ಪೌಂಡಿನ ವಸ್ತು. ಕೊಕ್ಕೆಯನ್ನು ಚರ್ಮಕ್ಕೆ ಚಪ್ಪಟೆಯಾಗಿ ಒತ್ತಿ ಬದಿಯಿಂದ ಸರಿಸಿ, ಉಣುಗಿನ ಕತ್ತು ಸೀಳಿನೊಳಗೆ ಕೂರಿಸಿ, ಎಳೆಯದೆ ಎರಡು ಮೂರು ಸುತ್ತು ತಿರುಗಿಸಿದರೆ ತಾನಾಗಿ ಬಿಟ್ಟು ಬರುತ್ತದೆ. ಉಗುರಿನಲ್ಲಿ ಹಿಂಡಿದರೆ ಅದರ ಹೊಟ್ಟೆಯಲ್ಲಿದ್ದದ್ದು ನಾಯಿಯ ರಕ್ತಕ್ಕೆ ಹೋಗುತ್ತದೆ. ಎಣ್ಣೆ, ಸೀಮೆಎಣ್ಣೆ, ಬೀಡಿಯ ಕೆಂಡ ಇವೆಲ್ಲ ಅದನ್ನು ಕಾರಿಸುವ ಉಪಾಯಗಳು, ಕಾರಿದ್ದು ಹೋಗುವುದೂ ಒಳಕ್ಕೇ. ಕಚ್ಚಿಕೊಂಡಷ್ಟು ಹೊತ್ತೂ ರೋಗ ದಾಟುವ ಅಪಾಯ ಏರುತ್ತದೆ, ಆದ್ದರಿಂದ ಅದೇ ದಿನ ತೆಗೆಯಬೇಕು.

ಎರಡನೇ ಹುಡುಕಾಟ ಮರುದಿನ ಬೆಳಿಗ್ಗೆ. ಹಿಂದಿನ ದಿನ ಗಸಗಸೆಯಷ್ಟಿದ್ದು ಕೈಗೆ ಸಿಗದ್ದು ಅಷ್ಟರಲ್ಲಿ ರಕ್ತ ಕುಡಿದು ಎಳ್ಳಿನಷ್ಟು ಊದಿರುತ್ತದೆ. ಮನುಷ್ಯರಿಗೆ ಕಚ್ಚಿದ್ದರೆ ಆ ಜಾಗದ ಸುತ್ತ ಕೆಂಪು ಉಂಗುರ ಹರಡುತ್ತದೆಯೇ ಎಂದು ಕೆಲವು ವಾರ ನೋಡುತ್ತಿರಬೇಕು. ನಾಯಿಗೆ ಸಾಮಾನ್ಯವಾಗಿ ಆ ಉಂಗುರ ಕಾಣುವುದಿಲ್ಲ. ಅದು ತಿಂಗಳುಗಳ ನಂತರ ಒಂದು ದಿನ ಸುಮ್ಮನೆ ಕುಂಟುತ್ತದೆ, ಇವತ್ತು ಈ ಕಾಲು, ಇನ್ನೊಂದು ದಿನ ಆ ಕಾಲು. ಆಗ ವೆಟ್ ಕೇಳುವ ಮೊದಲ ಪ್ರಶ್ನೆ ಉಣುಗು ಕಚ್ಚಿದ್ದು ಯಾವಾಗ ಎಂದು. ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ 'ಹಾವ್ರೆನ್, ಎಡಕಿವಿ, ಒಂದು' ಎಂದು ಬರೆದಿಡಿ.